ಬಾವಿಗೆ ಕಾವಲು ಕೂತ ಅಮ್ಮ

ಮೊನ್ನೆ ಹುಣಸೂರಿನ ಬಂಕೊಂದರಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ ಸ್ವಲ್ಪ ತುಳುಕಿ ನನ್ನ ಕೈಮೇಲೆ ಬಿತ್ತು. ಕರವಸ್ತ್ರದಲ್ಲಿ ಒರೆಸಿಕೊಂಡೆ. ಬಟ್ಟೆ ಒಣಗಿತು, ವಾಸನೆ ಹೋಗಲಿಲ್ಲ. ದಾರಿಯುದ್ದಕ್ಕೂ ಮೂಗಿನಲ್ಲೇ ಇತ್ತು. ಬೆಟ್ಟದಪುರದ ಕಡೆಯ ಆ ಅಮ್ಮ ನೆನಪಾದರು…

ಆಗ ನಾನು ಮೈಸೂರಿನಲ್ಲಿ ನೀರು ಪರೀಕ್ಷೆ ಮಾಡುವ ಸಣ್ಣ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದೆ. ಪಿರಿಯಾಪಟ್ಟಣದಿಂದ ಬೆಟ್ಟದಪುರಕ್ಕೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು ಸೋರಿ ಪೆಟ್ರೋಲ್ ಅಂತರ್ಜಲಕ್ಕೆ ಸೇರಿತ್ತು. ಹಳೆಯ ಟ್ಯಾಂಕು ಕಿತ್ತು ಹೊಸದು ಹೂತಿದ್ದರು. ಎಣ್ಣೆ ಕುಡಿದ ಮಣ್ಣನ್ನೂ ಸಾಗಿಸಿದ್ದರು. ಆದರೆ ಆಳಕ್ಕಿಳಿದದ್ದು ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಬಂಕಿನ ಸುತ್ತ ಸಣ್ಣ ಬೋರುಗಳನ್ನು ಕೊರೆಸಿದ್ದರು. ಕೆಲವು ತಿಂಗಳಿಗೊಮ್ಮೆ ಹೋಗಿ, ಅವುಗಳಿಂದ ನೀರೆತ್ತಿ, ಕಂದು ಬಣ್ಣದ ಗಾಜಿನ ಬಾಟಲಿಗಳಿಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ತರುವುದು ನನ್ನ ಕೆಲಸ. ಅಂಥ ಒಂದು ಬೋರು ಆ ಅಮ್ಮನ ಹಿತ್ತಲಲ್ಲಿತ್ತು. ಅದರ ಪಕ್ಕದಲ್ಲೇ ಅವರ ಬಾವಿ.

ಕಲ್ಲು ಕಟ್ಟಿದ ಬಾವಿ. ಊರ ಕೊಳಾಯಿಯ ಗಡಸು ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಅಡುಗೆಗೆ, ಕುಡಿಯುವುದಕ್ಕೆ ಇಡೀ ಬೀದಿಗೆ ಇದೇ ಬಾವಿ. ಬೆಳಿಗ್ಗೆ ಸಂಜೆ ಹೆಂಗಸರು ಬಿಂದಿಗೆ ಹಿಡಿದು ಬರುವುದು, ಅಮ್ಮ ಜಗಲಿಯಿಂದಲೇ ಎಲ್ಲರನ್ನೂ ಮಾತಾಡಿಸುವುದು, ಯಾರ ಮಗುವಿಗೆ ಜ್ವರ, ಯಾರ ಬ್ಯಾರನ್ ಗೂಡಿನಲ್ಲಿ ಹೊಗೆಸೊಪ್ಪು ಹದವಾಗಿ ಬೆಂದಿದೆ ಎಂಬುದೆಲ್ಲ ಅಲ್ಲೇ ತಿಳಿಯುವುದು. ಇದನ್ನು ನಾನು ಕಂಡಿಲ್ಲ. ನಾನು ಹೋಗುವ ಹೊತ್ತಿಗೆ ಆ ಸಂದಣಿ ಕರಗಿತ್ತು. ಅಮ್ಮ ಹೇಳಿದ್ದು.

ನೀರಿನಲ್ಲಿ ವಾಸನೆ ಇದೆ ಎಂದು ಮೊದಲು ಹೇಳಿದವಳು ಅವರ ಸೊಸೆ. ಟ್ರ್ಯಾಕ್ಟರಿನ ಡೀಸೆಲ್ ಕ್ಯಾನನ್ನು ಇವಳೇ ಬಾವಿಯ ಹತ್ತಿರ ತೊಳೆದಿರಬೇಕೆಂದು ಅಮ್ಮ ದಿನಗಟ್ಟಲೆ ಬೈದಿದ್ದರಂತೆ. ಮೊದಲ ಪರೀಕ್ಷೆಯ ಫಲಿತಾಂಶ ಹಿಡಿದು ಹೋಗಿ, ಇದು ಬಂಕಿನಿಂದ ಬಂದದ್ದು ಎಂದು ನಾನು ಬಿಡಿಸಿ ಹೇಳಿದೆ. ಅಮ್ಮ ಸೊಸೆಯನ್ನು ಹೊರಗೆ ಕರೆದು ನನ್ನೆದುರಿಗೇ ಅಂದರು:

"ತಪ್ಪಾಯ್ತು ಕಣವ್ವ. ನಿನ್ನ ಸುಮ್‌ಸುಮ್ನೆ ಬೈದ್ಬುಟ್ಟೆ."

ಸೊಸೆ ಒಳಗೆ ಹೋದಳು. ಅಳುತ್ತಿದ್ದಳು.

ಅವತ್ತಿನಿಂದ ಅಮ್ಮ ರಾಟೆಯ ಹಗ್ಗ ಬಿಚ್ಚಿ ಒಳಗಿಟ್ಟರು. ಬಾವಿಯ ಬಾಯಿಗೆ ಮುಳ್ಳುಕೊಂಬೆ ಎಳೆದು ನುಗ್ಗೆಮರದ ಕೆಳಗೆ ಕಾವಲು ಕೂತರು. ಅಭ್ಯಾಸಬಲದಿಂದ ಬಂದವರನ್ನು "ಬ್ಯಾಡ ಕಣ್ರವ್ವ, ಕೆಟ್ಟೋಗದೆ" ಎಂದು ತಿರುಗಿಸಿ ಕಳಿಸುತ್ತಿದ್ದರು. ತಾವೇ ಕೆಡಿಸಿದವರಂತೆ ತಲೆ ತಗ್ಗಿಸಿ ಹೇಳುತ್ತಿದ್ದರು. "ನೀರಿಗೆ ಅಂತ ಬಂದೋರ್ನ ಬರೀ ಕೊಡದಲ್ಲಿ ಕಳಿಸ್ತಾ ಇವ್ನಿ ಕಣಪ್ಪ" ಎಂದು ಒಮ್ಮೆ ನನ್ನ ಹತ್ತಿರ ಅಂದವರು ಮುಖ ತಿರುಗಿಸಿಕೊಂಡರು.

ಹೋದಾಗಲೆಲ್ಲ ಕಾಫಿ ಕೊಡುತ್ತಿದ್ದರು. "ಕೊಳಾಯಿ ನೀರಿಂದು, ಎದ್ರಬ್ಯಾಡ" ಎಂದು ಸೇರಿಸುತ್ತಿದ್ದರು. ನಾನು ಬಾಟಲಿಗಳನ್ನು ಪೆಟ್ಟಿಗೆಗಿಡುವಾಗ ಅದೇ ಪ್ರಶ್ನೆ: "ಈ ಸಲನಾರೂ ಕುಡೀಬೌದಾ ಮಗ?"

"ಇನ್ನೂ ಇಲ್ಲ ಅಮ್ಮ."

ಹೀಗೇ ವರ್ಷಗಳು ಕಳೆದವು. ಬೀದಿಯವರು ಬರುವುದನ್ನು ಬಿಟ್ಟರು. ಮನೆಮನೆಗೆ ಹೊಳೆ ನೀರಿನ ನಲ್ಲಿ ಬಂತು. ಹಿತ್ತಲ ಕಾಲುದಾರಿಯಲ್ಲಿ ಹುಲ್ಲು ಎದ್ದಿತು. ಅಮ್ಮ ಮಾತ್ರ ನುಗ್ಗೆಮರದ ಕೆಳಗೆ ಕೂರುವುದು ತಪ್ಪಲಿಲ್ಲ… ಯಾರನ್ನು ತಡೆಯಲು ಕೂರುತ್ತಿದ್ದರೋ.

ಕೊನೆಗೊಮ್ಮೆ ನೀರು ಶುದ್ಧವಾಯಿತು. ಮತ್ತೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಂಡು ಹೇಳಿದೆವು. ಅಮ್ಮ ಆಳು ಇಳಿಸಿ ಹೂಳೆತ್ತಿಸಿದರು, ರಾಟೆಗೆ ಕುಂಕುಮ ಇಟ್ಟರು. ಹೊಸ ನೀರು ತುಂಬಿದ ಮೇಲೆ ಅದನ್ನೂ ಪರೀಕ್ಷಿಸಿ ನಾನು ಹೋದಾಗ ತಾವೇ ಒಂದು ಕೊಡ ಸೇದಿದರು.

"ನೀ ಕುಡೀತೀಯಾ?"

ಕುಡಿದೆ. ನಾನು ಕುಡಿದು ಮುಗಿಸುವವರೆಗೂ ನೋಡುತ್ತಿದ್ದು ತಾವೂ ಕುಡಿದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಮನೆಮನೆಗೆ ಹೋಗಿ ನೀರಿಗೆ ಬರಲು ಕರೆದು ಬಂದರು. "ಆಗಲವ್ವ, ಬತ್ತೀವಿ" ಎಂದರಂತೆ ಎಲ್ಲರೂ. ಸಂಜೆಯವರೆಗೆ ಕಾದೆವು. ಎದುರು ಮನೆಯಾಕೆ ಒಬ್ಬಳೇ ಬಂದಳು. ಒಂದು ಬಿಂದಿಗೆ ಸೇದಿ, ನಾಲ್ಕು ಮಾತಾಡಿ ಹೋದಳು. ಜಗಲಿಯಿಂದ ಆಕೆಯ ಅಂಗಳ ಕಾಣುತ್ತಿತ್ತು. ಆಕೆ ಆ ನೀರನ್ನು ಒಳಗೆ ಒಯ್ಯಲಿಲ್ಲ. ಕನಕಾಂಬರದ ಬುಡಕ್ಕೆ ಸುರಿದಳು. ಅಮ್ಮನೂ ನೋಡಿದರು.

"ಓಗ್ಲಿ ಬುಡು. ಗಿಡಕ್ಕಾರೂ ಆಯ್ತಲ್ಲ."

ಪರೀಕ್ಷೆ ಮುಗಿದ ಮೇಲೆ ನನಗೆ ಆ ಊರಿನಲ್ಲಿ ಕೆಲಸವಿರಲಿಲ್ಲ. ಹೋಗಬೇಕು ಅಂದುಕೊಳ್ಳುತ್ತಲೇ ಹೋಗದೆ ಉಳಿದೆ. ಮೊನ್ನೆ ಹುಣಸೂರಿನಿಂದ ಬಂದ ಮಾರನೆಯ ದಿನ ಆ ಊರಿನ ಬಸ್ಸು ಹತ್ತಿದೆ. ಬಾಗಿಲು ತೆರೆದವಳು ಸೊಸೆ. ಗುರುತು ಹಿಡಿದಳು. ಅಮ್ಮ ಹೋದ ವರ್ಷ ತೀರಿಕೊಂಡರಂತೆ. ಬಾವಿಗೆ ಕಬ್ಬಿಣದ ಜಾಲರಿ ಹೊದಿಸಿ ಅದರ ಮೇಲೆ ಹಪ್ಪಳ ಒಣಗಲು ಹಾಕಿದ್ದರು.

"ಕೊನೇಲಿ ಬಾವಿ ನೀರೇ ಬೇಕು ಅಂದ್ರು ಕಣ್ರೀ" ಅಂದಳು ಸೊಸೆ. "ಸೇದ್ಕಂಡ್ ಬಂದು ಚಮಚದಲ್ಲಿ ಬಿಟ್ಟೆ. ಕುಡುದ್ರು. ನೀನೂ ಕುಡಿಯವ್ವ ಅಂದ್ರು…"

ನಾನು ಅವಳ ಮುಖ ನೋಡಿದೆ.

"ಲೋಟ ತುಟಿಗಿಟ್ಕಂಡು ಕುಡುದಂಗೆ ಮಾಡ್ದೆ. ಆಗ್ಲಿಲ್ಲ ಕಣ್ರೀ, ಇವತ್ತಿಗೂ ಆಗಲ್ಲ. ಅವ್ರು ನನ್ನೇ ನೋಡ್ತಿದ್ರು."