ಟರ್ಕಿ ಟವೆಲಿನ ಎಳೆ

ಮಿಂದು ಮೈ ಒರೆಸಿಕೊಳ್ಳುವಾಗ ಕೈಯಲ್ಲಿರುವ ಬಟ್ಟೆಯ ಹೆಸರಿನ ಹುಟ್ಟನ್ನು ಸಾಮಾನ್ಯವಾಗಿ ಯಾರೂ ಚಿಂತಿಸುವುದಿಲ್ಲ. ನಾನು ಚಿಂತಿಸುತ್ತೇನೆ, ಆ ಕಾರಣಕ್ಕೇ ಆಫೀಸಿನ ವ್ಯಾನ್ ಎರಡು ಸಲ ನನ್ನನ್ನು ಬಿಟ್ಟು ಹೋಗಿದೆ. ಮೈತುಂಬ ನೂಲಿನ ಪುಟ್ಟ ಕುಣಿಕೆಗಳೆದ್ದಿರುವ ಆ ಬಟ್ಟೆಗೆ ನಮ್ಮೂರಲ್ಲಿ ಟರ್ಕಿ ಟವೆಲ್ ಎನ್ನುತ್ತೇವೆ. ಈಗ ನಾವಿರುವ ಕುವೈತಿನಲ್ಲಿ ಟವೆಲಿಗೆ ಫೂತಾ ಎನ್ನುತ್ತಾರೆ; ಆ ಪದ ಎಂದೋ ಸಿಂಧ್ ಕಡೆಯ ಬಟ್ಟೆಯ ಜೊತೆಗೇ ಹಡಗೇರಿ ಬಂದದ್ದಂತೆ, ಅಂದರೆ ನಮಗಿಂತ ಬಹಳ ಮೊದಲೇ ಬಂದು ಇಕಾಮಾ ಎಂಬ ವಾಸದ ಪರವಾನಗಿಯ ಗೊಡವೆಯಿಲ್ಲದೆ ನೆಲೆಸಿದ ವಲಸಿಗ. ಕುಣಿಕೆಯ ಈ ನೇಯ್ಗೆಗೆ ಇಂಗ್ಲಿಷಿನವರು ಟೆರಿ ಎನ್ನುತ್ತಾರೆ. 'ಎಳೆದದ್ದು' ಎಂಬರ್ಥದ ಫ್ರೆಂಚ್ ಮಾತು ಅದರ ಮೂಲವಿರಬಹುದೆಂದು ಕೆಲವರ ಊಹೆ. ಓದಿ ಹಿಗ್ಗಿದೆ: ಕನ್ನಡದಲ್ಲಿ ನೂಲೂ ಎಳೆ, ಜಗ್ಗುವುದೂ ಎಳೆ, ಹಸುಗೂಸಿನ ಪ್ರಾಯವೂ ಎಳೆ.

ಈ ಪಾಂಡಿತ್ಯವನ್ನು ಸಹಿಸಿಕೊಳ್ಳುತ್ತಿದ್ದವರು ಲಿಲ್ಲಿಬಾಯಿ. ಕಾರ್ಕಳದ ಕಡೆಯವರು, ಇಲ್ಲಿ ಸಲ್ವಾ ಬಡಾವಣೆಯ ಒಂದು ಮನೆಯಲ್ಲಿ ಅಡುಗೆ ಕೆಲಸ. ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಹವಲ್ಲಿಯ ನಮ್ಮ ಮನೆಗೆ ಬರುತ್ತಿದ್ದರು. ಊರಲ್ಲಿ ತಮ್ಮ ಮಗಳಿಗೆ ಹೆರಿಗೆಯಾದಾಗ, ರಜೆಯಲ್ಲಿ ಒಯ್ಯಲೆಂದು ಟೊಪ್ಪಿ ಹೊಲಿದ ಪುಟ್ಟ ಟರ್ಕಿ ಟವೆಲೊಂದನ್ನು ಕೊಂಡಿದ್ದರು. ರಜೆ ಕೇಳಿದರೆ ಆ ಮನೆಯ ಯಜಮಾನಿ ಈದ್ ಕಳೆಯಲಿ ಎಂದಳು, ಆಮೇಲೆ ತನ್ನ ಮಗನ ಮದುವೆ ಕಳೆಯಲಿ ಎಂದಳು. ಅಷ್ಟರಲ್ಲಿ ಮೊಮ್ಮಗಳು ಕವುಚಿ ಬಿದ್ದಳು, ಅಂಬೆಗಾಲಿಟ್ಟಳು, ನಡೆದಳು. ಎಲ್ಲವನ್ನೂ ಲಿಲ್ಲಿಬಾಯಿ ಫೋನಿನಲ್ಲೇ ಕಂಡರು. ರಜೆ ಮುಂದೆ ಹೋದಾಗಲೆಲ್ಲ ತುಸು ದೊಡ್ಡದೊಂದು ಟವೆಲ್ ಕೊಂಡರು.

ಮೂರನೆಯದನ್ನು ನಮಗೆ ತೋರಿಸಲು ತಂದ ದಿನ, ಚೀಲದ ಜಿಪ್ಪಿಗೆ ಸಿಕ್ಕಿ ಒಂದು ಎಳೆ ಹೊರಗೆ ಜೋತಿತ್ತು. ಪದದ ಮೂಲ ಬಲ್ಲವನು ವಸ್ತುವನ್ನೂ ಬಲ್ಲನೆಂಬ ಭ್ರಮೆಯಲ್ಲಿ ನಾನು ಅದಕ್ಕೆ ಕೈ ಹಾಕಿದೆ.

"ಎಳೀಬೇಡಿ ಮಾರಾಯ್ರೆ," ಎಂದರು ಲಿಲ್ಲಿಬಾಯಿ. "ಎಳೆದ್ರೆ ಸಾಲಿಡೀ ಬಿಚ್ಚಿ ಬರ್ತದೆ. ಒಂದು ಕತ್ತರಿ ಕೊಡಿ."

ಬುಡಕ್ಕೆ ಸರಿಯಾಗಿ ಕತ್ತರಿಸಿ, ಆ ಜಾಗವನ್ನು ಬೆರಳಿನಿಂದ ಸವರಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು.

"ಮೇಡಂ ಹತ್ರ ಖಲಾಸ್ ಅಂತ ಹೇಳಿ ಆಯ್ತು. ಈ ತಿಂಗಳಿಗೆ ಎಗ್ರಿಮೆಂಟ್ ಮುಗೀತದೆ. ನನಗೆ ರಜೆ ಬೇಡ, ಹೋಗುದೇ."

"ಊರಲ್ಲಿ ಕೆಲಸ?" ಎಂದಳು ಇವಳು.

"ಅಡುಗೆ ಬರುವವರಿಗೆ ಊರಲ್ಲಿ ಕೆಲಸ ಇಲ್ವಾ?"

ನಾನು ಸಂತೋಷಪಡಬೇಕಿತ್ತು, ಬದಲಿಗೆ ಸಣ್ಣಗೆ ಅಸೂಯೆಪಟ್ಟೆ. ನಾವು ಊರು ಕಂಡು ಮೂರು ವರ್ಷವಾಗಿತ್ತು. ನನ್ನ ಮಗಳಂತೂ ಊರನ್ನು ಇಂಗ್ಲಿಷಿನಲ್ಲೇ ಮರೆಯುತ್ತಿದ್ದಳು.

ಲಿಲ್ಲಿಬಾಯಿ ಹೋಗಿ ಹದಿನೈದು ದಿನಕ್ಕೆ ಫೋನ್ ಮಾಡಿದರು. "ಮಗು ಹತ್ರವೇ ಬರುದಿಲ್ಲ. ನನ್ನನ್ನು ಕಂಡ್ರೆ ಓಡಿ ತಾಯಿಯ ಹಿಂದೆ ಅಡಗ್ತದೆ."

ಇಷ್ಟು ಪದಗಳ ಮೂಲ ಹುಡುಕಿದ ನಾನು, "ಬೇಜಾರಾಯ್ತಾ?" ಎಂದಷ್ಟೇ ಕೇಳಿದೆ.

"ಬೇಜಾರು ಎಂಥದ್ದು?" ಎಂದರು. "ನಿಧಾನಕ್ಕೆ ಬರ್ಲಿ. ನನ್ನ ರಜೆ ಇನ್ನು ಮುಗಿಯುದಿಲ್ಲ ಅಲ್ಲವಾ."