ಮೊಣಕೈವರೆಗೆ

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಶರೀಫನಿಗಿಂತ ಅವನ ಬಲಗೈಗೇ ಹೆಚ್ಚು ಮರ್ಯಾದೆ. ಒಳ್ಳೆಯ ರೇಷ್ಮೆಗೂಡನ್ನು ಮೇಲೆ ಹರಡಿ, ಜೊಳ್ಳನ್ನು ಅಡಿಯಲ್ಲಿ ಮಲಗಿಸುವುದು ರೈತರ ಹಳೆಯ ಪದ್ಧತಿ. ನೂಲು ತೆಗೆಯುವ ರೀಲರುಗಳು ಶರೀಫನನ್ನು ಕರೆತಂದು ರಾಶಿಯ ಮುಂದೆ ನಿಲ್ಲಿಸುವುದೂ ಅಷ್ಟೇ ಹಳೆಯ ಪದ್ಧತಿ. ಅವನು ತೋಳು ಮಡಿಸಿ, ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿ ಅಡಿಯಿಂದ ಒಂದು ಹಿಡಿ ಎತ್ತಿದನೆಂದರೆ ಎದುರಿಗೆ ನಿಂತ ರೈತನ ಮುಖ ಇಳಿದುಹೋಗುತ್ತಿತ್ತು. ಕೈಲಾಂಚದ ಅಂಕಯ್ಯನ ಮುಖವಂತೂ ಇಪ್ಪತ್ತು ವರ್ಷದಿಂದ ಇಳಿಯುತ್ತಲೇ ಇತ್ತು. ಆದರೂ ಇಬ್ಬರದೂ ಭಾರಿ ದೋಸ್ತಿ. ಬೈದಾಡಿಕೊಂಡೇ ಒಂದು ಟೀ ಬೈಟು ಮಾಡಿ ಕುಡಿಯುವವರು.

ಎರಡು ಸಾವಿರದ ಆರರ ಹೊತ್ತಿಗೆ ಹಿಪ್ಪುನೇರಳೆ ಹೊಲಗಳ ನಡುವೆ ಕಾಂಪೌಂಡುಗಳು ಏಳತೊಡಗಿದವು. ಒಂದರೊಳಗೆ, ತಾನೇ ನೂಲು ಬಿಚ್ಚುವ ಯಂತ್ರಗಳ ರೇಷ್ಮೆ ಫ್ಯಾಕ್ಟರಿ ಬಂತು. ಸಣ್ಣ ರೀಲರುಗಳು ಒಬ್ಬೊಬ್ಬರಾಗಿ ಗೂಡು ಬೇಯಿಸುವ ಒಲೆ ಆರಿಸಿದರು. ಅಷ್ಟರಲ್ಲಿ ಫ್ಯಾಕ್ಟರಿಯೇ ಶರೀಫನಿಗೆ ಹೇಳಿಕಳಿಸಿತು: ಗೂಡು ನೋಡುವ ಕೆಲಸವಿದೆ, ಸೋಮವಾರ ಪರೀಕ್ಷೆ, ಪಾಸಾದರೆ ಖಾಯಂ. ಐವತ್ತೆರಡು ವರ್ಷದ ಶರೀಫನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಪರೀಕ್ಷೆಯೆಂದಾಗ ಅವನು ತನ್ನ ಬಲಗೈ ನೋಡಿಕೊಂಡು ನಕ್ಕ.

ಫ್ಯಾಕ್ಟರಿ ಸೇರಿದರೆ ರಜೆ ಎಲ್ಲಿಯದು ಎಂದು ಹೆಂಡತಿ ಬದ್ರುನ್ನೀಸಾ ಹಟ ಹಿಡಿದಳು. ಮದುವೆಯಾದ ಹೊಸದರಲ್ಲಿ ತೋರಿಸುತ್ತೇನೆಂದಿದ್ದ ಸಮುದ್ರವನ್ನು ಅವನು ಇನ್ನೂ ತೋರಿಸಿರಲಿಲ್ಲ. ಅಂಕಯ್ಯನಿಗೆ ಧರ್ಮಸ್ಥಳದ ಹರಕೆಯಿತ್ತು. ಒಂದೇ ಜೀಪಿನಲ್ಲಿ ಎರಡನ್ನೂ ತೀರಿಸುವುದೆಂದು ಹೊರಟು, ಶನಿವಾರ ಬೆಳಿಗ್ಗೆ ಕಾಪುವಿನ ದೀಪಸ್ತಂಭದ ಬುಡಕ್ಕೆ ಬಂದಿಳಿದರು.

ಬದ್ರುನ್ನೀಸಾ ಅಲೆ ನೋಡುತ್ತಾ ಮರಳಲ್ಲಿ ಕೂತಳು. ಗಂಡಸರಿಬ್ಬರಿಗೂ ಅಷ್ಟೊಂದು ನೀರು ಕಂಡು ಒಳಗೊಳಗೇ ಭಯ. ಹುಟ್ಟಿದಾಗಿನಿಂದ ಪರಿಚಯವಿದ್ದುದು ಬಂಡೆಯೊಂದೇ, ಹಾಗಾಗಿ ಬಂಡೆ ಹತ್ತಿದರು. ಕಡಲು ಹಿಂದೆ ಸರಿದಿದ್ದ ಇಳಿತದ ಹೊತ್ತು. ಬಂಡೆಯ ಕುಳಿಗಳಲ್ಲೆಲ್ಲ ನೀರು ಉಳಿದಿತ್ತು.

"ನಮ್ ಬೆಟ್ಟದ್ ದೊಣೆ ಇದ್ದಂಗೇ ಐತಲ್ಲೋ," ಎಂದ ಅಂಕಯ್ಯ.

ಬೆಟ್ಟದ ದೊಣೆಯಲ್ಲಿ ಕಪ್ಪೆ ಬಿಟ್ಟರೆ ಏನಿರುತ್ತದೆ? ಇಲ್ಲಿ ಬೆರಳುದ್ದದ ಮೀನುಗಳು ಪುಳಪುಳನೆ ಓಡುತ್ತಿದ್ದವು. ಶಂಖವೊಂದು ಕಾಲು ಹುಟ್ಟಿಸಿಕೊಂಡು ನಡೆಯುತ್ತಿತ್ತು. ಹೂವೆಂದುಕೊಂಡದ್ದು ನೆರಳು ಬಿದ್ದೊಡನೆ ಬಾಯಿ ಮುಚ್ಚಿತು. ಮಾರುಕಟ್ಟೆಯ ಚಟ ಬಿಡಲಾರದ ಶರೀಫ್ ಒಂದೊಂದು ಕುಳಿಗೂ ದರ್ಜೆ ಕೊಡುತ್ತಾ ಹೋದ: ಇದು ಫಸ್ಟ್ ಕ್ಲಾಸು, ಇದು ಸೆಕೆಂಡ್ಸು. ಕೊನೆಯಲ್ಲಿ ಒಂದು ಆಳವಾದ ಕುಳಿ ಸಿಕ್ಕಿತು. ಅದರ ಅಡಿ ಕಾಣುತ್ತಿರಲಿಲ್ಲ.

"ಮೇಲ್ ನೋಡಿ ಏನ್ ಹೇಳಾಕಾಯ್ತದೆ? ಅಡಿ ನೋಡ್ಬೇಕು," ಎಂದು ತೋಳು ಮಡಿಸಿದ.

"ಲೇ, ಬ್ಯಾಡ ಕಣ್ಲಾ. ಅದೇನ್ ನಾನ್ ತಂದಿರೋ ಗೂಡಾ?" ಎಂದ ಅಂಕಯ್ಯ.

ಶರೀಫ್ ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿ, ಅಡಿಯಿಂದ ಒಂದು ಹಿಡಿ ಹಿಡಿದ. ಮರುಕ್ಷಣ ಅವನ ಕೂಗಿಗೆ ಬಂಡೆಯ ಮೇಲಿದ್ದ ಕಾಗೆಗಳೆಲ್ಲ ಹಾರಿದವು. ಮೈಯೆಲ್ಲ ಕಪ್ಪು ಮುಳ್ಳಿರುವ, ಚೆಂಡಿನಂಥ ಕಡಲಜೀವಿಯನ್ನು ಅವನು ಪೂರ್ತಿ ಅಂಗೈಯಲ್ಲಿ ಹಿಸುಕಿದ್ದ. ಸಿಕ್ಕಷ್ಟು ಮುಳ್ಳನ್ನು ಬದ್ರುನ್ನೀಸಾ ಬಳೆಯಲ್ಲಿದ್ದ ಪಿನ್ನಿನಿಂದ ತೆಗೆದಳು. ಅದಕ್ಕಿಂತ ಚೂಪಾಗಿ ಬೈದಳು. ತೋರುಬೆರಳಲ್ಲಿ ಒಂದು ಮುಳ್ಳು ಮುರಿದು ಒಳಗೇ ಉಳಿಯಿತು. ಊರು ಮುಟ್ಟುವತನಕ ಶರೀಫ್ ಸೋಮವಾರ, ಸೋಮವಾರ ಎಂದು ನರಳುತ್ತಿದ್ದ.

ಸೋಮವಾರ ಪಟ್ಟಿ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಫ್ಯಾಕ್ಟರಿಯ ಸಾಹೇಬರ ಮುಂದೆ ನಿಂತ. ಅವರು ನೋಡಿಬಿಟ್ಟರು.

"ಕೈಗೇನಾಯ್ತು?"

"ಸಮುದ್ರ, ಸಾರ್."

"ಪರವಾಗಿಲ್ಲ. ಇಲ್ಲಿ ಗೂಡಿಗೆ ಯಾರೂ ಕೈ ಹಾಕೋ ಹಾಗಿಲ್ಲ."

ಪರೀಕ್ಷೆಯೆಂದರೆ ಕಣ್ಣಿನ ಪರೀಕ್ಷೆ. ಗೋಡೆಯ ಮೇಲಿನ ಅಂಕಿಗಳನ್ನು ಓದಿ ಶರೀಫ್ ಪಾಸಾದ. ರಾಶಿಯ ಮೇಲಿನಿಂದ ಒಂದು ಸೌಟು ಗೂಡು ಮೊಗೆದು ಯಂತ್ರಕ್ಕೆ ಹಾಕುವುದು, ಅದು ತೋರಿಸುವ ದರ್ಜೆಯ ನಂಬರನ್ನು ಕೂಗುವುದು, ಇಷ್ಟೇ ಕೆಲಸ. ಎರಡೂ ಕೈಗೆ ಗ್ಲೌಸು. ಕೆಲಸ ಸಿಕ್ಕ ಖುಷಿ ಸಂಜೆಯವರೆಗಿತ್ತು. ಮನೆಗೆ ನಡೆಯುವಾಗ ಅವನಿಗೆ ಅಳು ಬಂತು.

ತಿಂಗಳೊಪ್ಪತ್ತಿನಲ್ಲಿ ಅಂಕಯ್ಯ ಫ್ಯಾಕ್ಟರಿಗೆ ಗೂಡು ತಂದ. ಶರೀಫ್ ಸೌಟಿನಲ್ಲಿ ಮೊಗೆದು ನಂಬರು ಕೂಗಿದ. ಅಡಿಯಲ್ಲಿ ಜೊಳ್ಳು ಮಲಗಿಸಿದ್ದ ಪಕ್ಕದ ರಾಶಿಗೂ ಅದೇ ನಂಬರು ಬಂದಿತ್ತು. ಅಂಕಯ್ಯ ಕದಲಲಿಲ್ಲ.

"ಕೈ ಹಾಕ್ಲಾ."

"ಆಗಾಕಿಲ್ಲ ಕಣ್ಲಾ, ರೂಲ್ಸು."

"ಇಪ್ಪತ್ ವರ್ಸ ಎಲ್ರೆದ್ರುಗೂ ನನ್ ಮಾನ ಕಳ್ದೆ. ನಿನ್ ಕೈಗೇ ಅಂತ ಈ ಬೆಳೆ ಅಡಿಯಿಂದ ಮೇಲ್ಗಂಟ ಒಂದೇ ತರ ತಂದಿವ್ನಿ. ಒಂದ್ಕಿತ ಹಾಕ್ಲಾ."

ಶರೀಫ್ ಗ್ಲೌಸು ಕಿತ್ತು ಕೈ ಇಳಿಸಿದ. ಮುರಿದ ಮುಳ್ಳು ಚುಳ್ಳೆಂದಿತು. ಅಡಿಯಿಂದ ಬಂದ ಹಿಡಿಯಲ್ಲಿ ಒಂದಾದರೂ ಜೊಳ್ಳಿರಲಿಲ್ಲ. "ಫಸ್ಟ್ ಕ್ಲಾಸ್ ಕಣ್ಲಾ!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ. ಅಂಕಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡ. ಕೂಗು ಸಾಹೇಬರಿಗೂ ಕೇಳಿಸಿತು.

ಸಾಹೇಬರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಗೇಟಿನಲ್ಲಿ ಗಾಡಿಗಳ ನಂಬರು ಬರೆಯಲು ಕೂರಿಸಿದರು. ಗೇಟಿನ ಹೊರಗೆ ಯಾವ ರೂಲ್ಸೂ ಇರಲಿಲ್ಲ. ಮುಂದಿನ ಬೆಳೆಗೆ ಅಂಕಯ್ಯ ಅಲ್ಲೇ ಗಾಡಿ ನಿಲ್ಲಿಸಿ ಚೀಲದ ಬಾಯಿ ಬಿಚ್ಚಿದ. ಶರೀಫ್ ಮೊಣಕೈವರೆಗೆ ಕೈ ಇಳಿಸಿ ಎತ್ತಿದರೆ ಹಿಡಿತುಂಬ ಜೊಳ್ಳು. ಬಾಯಿಗೆ ಬಂದಂತೆ ಬೈದ. ಅಂಕಯ್ಯನ ಮುಖ ಮೊದಲಿನಂತೆ ಇಳಿದುಹೋಯಿತು. ಒಳಗೆ ಯಂತ್ರ ಮಾತ್ರ ಹೋದ ಸಲದ ನಂಬರನ್ನೇ ಚೀಟಿಯಲ್ಲಿ ಕೊಟ್ಟಿತು. ಆ ಚೀಟಿಯನ್ನು ಅಂಕಯ್ಯ ಯಾರಿಗೂ ತೋರಿಸದೆ ಜೇಬಿಗಿಳಿಸಿ, ಗೇಟಿಗೆ ಬಂದು ಬೈಟು ಟೀ ಹೇಳಿದ.