ಹುಟ್ಟದೇ ಇದ್ದ ಎರಡನೆಯವಳು

ನಮ್ಮ ಡಾಕ್ಟರ್ ಬಾಯಿಯವರ ಬೆರಳ ತುದಿಗಳು ವರ್ಷವಿಡೀ ನೇರಳೆ ಹಣ್ಣು ತಿಂದವರ ಹಾಗೆ ಇರುತ್ತಿದ್ದವು. ಗಾಜಿನ ಸ್ಲೈಡಿಗೆ ಬಣ್ಣ ಹಾಕುವ ಕೆಲಸ ನನ್ನದು. ಆದರೆ ನನ್ನ ನಿಧಾನ ಸಹಿಸದೆ ಅವರೇ ಕೈ ಹಾಕುತ್ತಿದ್ದರು. ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ಕಾರವಾರದ ರೂಢಿ. ಆಸ್ಪತ್ರೆಗಳಲ್ಲಿ ಕೊಯ್ದು ತೆಗೆದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಯಾವುದೆಂದು ಹೇಳುವುದು ಅವರ ವೃತ್ತಿ. ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಾನು, ರೋಗಿಯ ಕಡೆಯವರು ತಂದ ಗಂಟಿನ ಬಾಟಲಿ ತೆಗೆದುಕೊಂಡು ರಿಜಿಸ್ಟರಿನಲ್ಲಿ ಹೆಸರು ಬರೆಯುವವಳು.

ಅವರಿಗಿದ್ದ ಒಂದೇ ಹುಚ್ಚು ಸಂಶೋಧನಾ ಲೇಖನ ಬರೆಯುವುದು. ಹನ್ನೊಂದು ಬರೆದಿದ್ದರು. “ಹತ್ತನ್ನ ನೊಣಾನೂ ಮೂಸಲಿಲ್ಲ ಮಾರಾಯ್ತಿ” ಎಂದು ತಾವೇ ನಗುತ್ತಿದ್ದರು. ಹನ್ನೊಂದನೆಯದು ಮಾತ್ರ ಹೆಸರು ತಂದಿತು. ಅಪರೂಪದ ಒಂದು ಗಡ್ಡೆ, ಒಂದೇ ವರ್ಷ, ಒಂದೇ ತಾಲ್ಲೂಕಿನ ಇಬ್ಬರು ಹೆಂಗಸರಲ್ಲಿ: ಕೇಣಿಯ ಸೀತೆಯ ತೋಳಿನಲ್ಲಿ, ಮಂಜಗುಣಿಯ ರುಕ್ಮಿಣಿಯ ಬೆನ್ನಿನಲ್ಲಿ. ಈ ಕಡಲತೀರದಲ್ಲೇ ರೋಗ ತರುವಂಥದು ಏನಾದರೂ ಇದೆಯೇ ಎಂದು ಪರದೇಶದವರು ತಮ್ಮ ಲೇಖನಗಳಲ್ಲಿ ಇದನ್ನು ಉಲ್ಲೇಖಿಸತೊಡಗಿದರು. ಬಾಯಿ ಪ್ರತಿ ಶನಿವಾರ ಸೈಬರ್ ಕೆಫೆಗೆ ಹೋಗಿ ಎಷ್ಟು ಉಲ್ಲೇಖಗಳಾದವೆಂದು ನೋಡುವರು. ಒಂದು ಹೆಚ್ಚಿದರೂ ಸಾಕು, ಬಂದವರೇ ಆ ಇಬ್ಬರ ಎರಡು ಸ್ಲೈಡು ತೆಗೆದು ಕೂರುವರು. “ನಮ್ಮವ್ರನ್ನ ಮತ್ತೆ ಯಾರೋ ಕರೆದ್ರು ನೋಡೆ.” ಒಮ್ಮೆ ಮಾತ್ರ ಕಣ್ಣೆತ್ತದೆ ಹೇಳಿದರು: “ಇವ್ರಿಬ್ರೂ ಒಂದೇ ನಮೂನೆ ನನ್ನ ನೋಡ್ತಾರೆ.”

ಆ ಲೇಖನದ ಬಲದಿಂದಲೇ ದೂರದ ಒಂದು ಕಾಲೇಜು ಅವರನ್ನು ಪ್ರೊಫೆಸರ್ ಹುದ್ದೆಗೆ ಕರೆಯಿತು. ಅವರು ಜೀವಮಾನವಿಡೀ ಬಯಸಿದ್ದ ಹುದ್ದೆ. ಮೊದಲು ಅಲ್ಲೊಂದು ಉಪನ್ಯಾಸ ಕೊಡಬೇಕಿತ್ತು. ಇಬ್ಬರು ಹೆಂಗಸರೂ ಈಗ ಹೇಗಿದ್ದಾರೆಂದು ನೋಡಿಬರಲು ನನ್ನನ್ನೂ ಕರೆದುಕೊಂಡು ಹೊರಟರು.

ಮಂಜಗುಣಿಯಲ್ಲಿ ರುಕ್ಮಿಣಿಯ ಗಂಡ ಗೋಡೆ ತೋರಿಸಿದ. ಹಾರ ಹಾಕಿದ ಫೋಟೋ. ಹುಬ್ಬಿನ ಮೇಲೊಂದು ಗಾಯದ ಕಲೆ. ಕೈಮುಗಿದು ಬಂದೆವು. ಮಧ್ಯಾಹ್ನ ಕೇಣಿಯಲ್ಲಿ ಸೀತೆಯ ತಾಯಿಯ ಮನೆಯ ಹೊಸ್ತಿಲು ದಾಟಿದರೆ, ಎದುರಿನ ಗೋಡೆಯಲ್ಲಿ ಅದೇ ಮುಖ. ಅದೇ ಕಲೆ. “ಇಬ್ರೂ ಅವಳಿ ಮಕ್ಕಳಾ?” ಎಂದು ಕೇಳಿದರು ಬಾಯಿ.

“ಇಬ್ರು ಎಲ್ಲಿಂದ ಬಾಯಿ? ನಂಗೆ ಇದ್ದದ್ದೇ ಒಂದು ಹುಡ್ಗಿ” ಎಂದಳು ತಾಯಿ. “ರುಕ್ಮಿಣಿ ಅಂದ್ರೆ ಗಂಡನ ಮನೇಲಿ ಇಟ್ಟ ಹೆಸ್ರು. ನನ್ನ ನಾಲಗೆಗೆ ಅದು ಬರೂದೇ ಇಲ್ಲ.”

ನಮ್ಮಲ್ಲಿ ಮದುವೆಯ ದಿನ ವರ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಮೊದಲ ಬಾಟಲಿ ತಂದವಳು ತಾಯಿ. ಕೆಲವು ತಿಂಗಳ ಮೇಲೆ, ಗಡ್ಡೆ ಬೆನ್ನಿಗೂ ಹಬ್ಬಿದಾಗ, ಎರಡನೆಯದನ್ನು ತಂದವನು ಗಂಡ. ಇಬ್ಬರೂ ತಾವು ಕರೆಯುವ ಹೆಸರು, ತಮ್ಮ ಊರು ಹೇಳಿದ್ದರು. ಬರೆದವಳು ನಾನು. ನನ್ನ ಹೆಸರೂ ಹಾಗೆಯೇ ಬದಲಾಗಿತ್ತು. ಆದರೂ ಕೇಳಲು ನನಗೆ ತೋಚಲಿಲ್ಲವಲ್ಲ ಎಂದು ಇಂದಿಗೂ ನಾಚಿಕೆಯಾಗುತ್ತದೆ.

ಬಾಯಿ ಅಂದೇ ಕಾಲೇಜಿಗೂ ಲೇಖನ ಅಚ್ಚಾದ ಪತ್ರಿಕೆಗೂ ಬರೆಯಲು ಕುಳಿತರು. ನಾನು ಅಳುತ್ತ, “ರಿಜಿಸ್ಟರ್ ಬರೆದವ್ಳು ನಾನು, ನನ್ನ ಹೆಸ್ರು ಹಾಕಿ” ಎಂದೆ.

“ಒಬ್ಳನ್ನೇ ಎರಡು ಸಲ ಕಣ್ಣಿಟ್ಟು ನೋಡಿ ಗುರ್ತು ಹಿಡೀದೆ ಇದ್ದವ್ಳು ನಾನು. ನಿಂದೆಂತ ತಪ್ಪು? ಹೋಗು, ಮುಖ ತೊಳ್ಕೊ.”

ನಾಲ್ಕು ಸಾಲಿನ ತಿದ್ದುಪಡಿ ಅಚ್ಚಾಯಿತು. ಅದರಲ್ಲಿ ನನ್ನ ಸುಳಿವೇ ಇರಲಿಲ್ಲ. ಹುದ್ದೆಯ ಮಾತು ಅಲ್ಲಿಗೆ ನಿಂತಿತು. ವಿಚಿತ್ರವೆಂದರೆ ಆ ನಾಲ್ಕು ಸಾಲನ್ನು ಯಾರೂ ಓದಿದಂತಿರಲಿಲ್ಲ. ಹೊಸ ಹೊಸ ಉಲ್ಲೇಖಗಳು ಬರುತ್ತಲೇ ಇದ್ದವು, ಪ್ರತಿಯೊಂದರಲ್ಲೂ ಇಬ್ಬರು ಹೆಂಗಸರು. ಬಾಯಿ ಈಗ ಸ್ಲೈಡು ತೆಗೆಯುತ್ತಿರಲಿಲ್ಲ. “ಆ ಎರಡನೆಯವ್ಳು ಸಾಯೂದಿಲ್ಲ ಮಾರಾಯ್ತಿ” ಎನ್ನುತ್ತಿದ್ದರು. “ಹುಟ್ಟಿದ್ರೆ ಅಲ್ವಾ ಸಾಯೂದು?”

ಹೋದವರು ಬಾಯಿಯೇ, ಮೂರು ದಿನದ ಜ್ವರದಲ್ಲಿ.

ಈಗ ಶನಿವಾರ ನಾನು ನೋಡುತ್ತೇನೆ. ಹತ್ತು ಲೇಖನಗಳು ಮಲಗಿವೆ. ಹನ್ನೊಂದನೆಯದು ಇನ್ನೂ ಓಡಾಡುತ್ತಿದೆ. ಉಲ್ಲೇಖಿಸಿದ ಪ್ರತಿಯೊಬ್ಬರಿಗೂ ಇಮೇಲ್ ಬರೆಯುತ್ತೇನೆ: ಇದ್ದವಳು ಒಬ್ಬಳೇ, ತಪ್ಪು ನನ್ನದು, ಡಾಕ್ಟರರದಲ್ಲ. ಸಂಶಯ ಉಳಿಯಬಾರದೆಂದು ಕೆಳಗೆ ನನ್ನ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಹಾಕುತ್ತೇನೆ. ಉತ್ತರ ಬರುವುದು ಅಪರೂಪ. ಮೊನ್ನೆ ಒಂದು ಬಂತು.

“ನಿಮ್ಮಿಬ್ಬರಿಗೂ ಧನ್ಯವಾದಗಳು” ಎಂದಿತ್ತು.